ಗಾಜಿನ ತೊಟ್ಟಿಯಲ್ಲಿ ಲುರಾಂಗನ ತಮ್ಮ

ನಾಲ್ಕು ದಿಕ್ಕಿಗೂ ಸಮುದ್ರವೇ ಇರುವ ಊರಿಗೆ ಸಮುದ್ರವನ್ನು ಪೆಟ್ಟಿಗೆಯಲ್ಲಿ ತುಂಬಿಸಿಡಬೇಕಾಗಿ ಬಂದದ್ದು, ಒಬ್ಬ ಅಧಿಕಾರಿಯ ಬೂಟು ನೆನೆಯಬಾರದು ಎಂಬ ಒಂದೇ ಕಾರಣಕ್ಕೆ.

ಊರು ಬೋನೆಕಾರಾ. ಮಕಾಸ್ಸರ್ ಪಟ್ಟಣದಿಂದ ದೋಣಿಯಲ್ಲಿ ಎರಡೂವರೆ ಗಂಟೆ. ಲವಂಗದ ಸಿಗರೇಟೊಂದನ್ನು ಹಚ್ಚಿಕೊಂಡು ದ್ವೀಪದ ಈ ತುದಿಯಿಂದ ಹೊರಟರೆ ಅದು ಮುಗಿಯುವುದರೊಳಗೆ ಆ ತುದಿಯ ನೀರಿಗೆ ಕಾಲಿಡಬಹುದು. ಕಂಬಗಳ ಮೇಲೆ ನಿಂತ ನಲವತ್ತೆರಡು ಮರದ ಮನೆಗಳು. ಅಷ್ಟೂ ಮನೆಯ ಒಲೆ ಉರಿಯುತ್ತಿದ್ದದ್ದು ಹವಳದಿಂದ. ಸೊಂಟಮಟ್ಟದ ನೀರಿನಲ್ಲಿ ಕಬ್ಬಿಣದ ಮೇಜುಗಳನ್ನು ನೆಟ್ಟು, ಸಿಮೆಂಟಿನ ಬಿಲ್ಲೆಗಳ ಮೇಲೆ ಜೀವಂತ ಹವಳದ ಚೂರುಗಳನ್ನು ಅಂಟಿಸಿ, ಕೂಸಿನ ಹಾಗೆ ಸಾಕಿ, ದೂರದೇಶದವರ ಮನೆಯ ಗಾಜಿನ ತೊಟ್ಟಿಗಳಿಗೆ ಕಳಿಸುವುದು ಅವರ ಕಸುಬು.

ಅದಕ್ಕೆ ಮೊದಲು ಬೇರೆ ಕಸುಬಿತ್ತು. ಗಂಡಸರು ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿ, ಟೈರಿಗೆ ಗಾಳಿ ತುಂಬುವ ಯಂತ್ರದ ಗಾಳಿ ಕುಡಿಯುತ್ತ, ಹದಿನೈದು ಆಳುದ್ದ ಕೆಳಕ್ಕಿಳಿದು ಹಾರೆಯಿಂದ ಹವಳ ಕಿತ್ತು ತರುತ್ತಿದ್ದರು. ಆ ಆಳದ ಒತ್ತಡದಿಂದ ಮೇಲೆ ಬರುವಾಗ ಕೆಲವರ ಕಾಲು ಜೊತೆಗೆ ಬರುತ್ತಿರಲಿಲ್ಲ. ಊರಿನಲ್ಲಿ ಹಾಗೆ ಕಾಲೆಳೆದು ನಡೆಯುವವರು ಏಳು ಮಂದಿ. ಪಟ್ಟಣದ ಕಾಗದಗಳಲ್ಲಿ ಅದಕ್ಕೆ ‘ಅಜಾಗರೂಕತೆ’ ಎಂದು ಹೆಸರು. ಅಜಾಗರೂಕರು ಯಾರು ಎಂದು ಮಾತ್ರ ಆ ಕಾಗದಗಳು ಹೇಳುವುದಿಲ್ಲ. ಏಳರಲ್ಲಿ ಒಬ್ಬ ಲುರಾಂಗ್, ಆ ಸೀಮೆಯ ಮರ್ಯಾದೆಯ ಮಾತಿನಲ್ಲಿ ಡೇಂಗ್ ಲುರಾಂಗ್.

ಮೇಜುಗಳಿಗೆ ಸಿಕ್ಕಿದ್ದು ಮೂರು ವರ್ಷದ ಪ್ರಾಯೋಗಿಕ ಅನುಮತಿ. ಅದು ಮುಗಿಯುತ್ತ ಬಂದಾಗ ಪಟ್ಟಣದ ಕಚೇರಿಯಿಂದ ಪತ್ರ ಬಂತು: ಬರುವ ಗುರುವಾರ ಅಧಿಕಾರಿಗಳು ಆಗಮಿಸಿ, ಜೀವಂತ ಹವಳವನ್ನು ಖುದ್ದಾಗಿ ಪರಿಶೀಲಿಸಿ, ಕಾಯಂ ಅನುಮತಿಯ ಬಗ್ಗೆ ತೀರ್ಮಾನಿಸತಕ್ಕದ್ದು. ಊರ ಮುಖ್ಯಸ್ಥ ಹಾಜಿ ತಾಲ್ಲಿ ಪತ್ರವನ್ನು ಮೂರು ಸಲ ಓದಿ ಊರವರನ್ನು ಸೇರಿಸಿದ.

“ಹೋದ ಸಲ ಬಂದೋರು ದೋಣಿ ಕಟ್ಟೋ ಜೆಟ್ಟಿ ಮೇಲೇ ನಿಂತು ದುರ್ಬೀನು ಹಿಡಿದು ನೋಡಿ, ‘ಹವಳ ಕಂಡುಬರಲಿಲ್ಲ’ ಅಂತ ಬರ್ಕೊಂಡ್ ಹೋದ್ರು,” ಎಂದ. “ನೀರೊಳಗಿರೋದು ದುರ್ಬೀನಿಗೆ ಕಾಣ್ಸುತ್ತೇನ್ರಯ್ಯಾ? ಆದ್ರೆ ಅವ್ರಿಗೆ ಹೇಳೋರು ಯಾರು? ಈ ಸಲ ಸಾಹೇಬ್ರು ನೀರಿಗೆ ಹೋಗೋದೇ ಬೇಡ, ನೀರೇ ಸಾಹೇಬ್ರ ಹತ್ರ ಬರ್ಲಿ. ನಮ್ಮೂರ ಕಚೇರೀಲಿ ಅಕ್ವೇರಿಯಂ ಇಡೋಣ.”

“ಅದರಲ್ಲಿ ಒಂದು ಹವಳ ಸಾಯದೆ ನಿಂತ್ರೆ?” ಎಂದರು ಯಾರೋ.

“ಅನುಮತಿ. ಸತ್ರೆ, ‘ಒಂದನ್ನ ಗಾಜಲ್ಲಿ ಸಾಕೋಕಾಗದೋರು ಸಾವಿರ ಹೇಗೆ ಸಾಕ್ತೀರಿ’ ಅಂತಾರೆ. ಆಮೇಲೆ ಮತ್ತೆ ರಬ್ಬರ್ ಕೊಳವೆ, ಮತ್ತೆ ಹಾರೆ.”

ಸಭೆಯಲ್ಲಿ ಗಂಡುಮಕ್ಕಳಿದ್ದ ತಾಯಂದಿರೆಲ್ಲ ತಲೆವಸ್ತ್ರದ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಸರಿ, ಗಾಜಿನ ತೊಟ್ಟೀಲಿ ಹವಳ ಸಾಕೋ ವಿದ್ಯೆ ಯಾರಿಗ್ ಗೊತ್ತು?” ಎಂದ ಹಾಜಿ.

ಲುರಾಂಗ್ ಕೈ ಎತ್ತಲಿಲ್ಲ. ಎತ್ತುವ ಅಗತ್ಯವೇ ಬೀಳಲಿಲ್ಲ. ಊರಿನ ಅಷ್ಟೂ ಮುಖಗಳು ತಾವಾಗಿಯೇ ಅವನ ಕಡೆ ತಿರುಗಿದವು. ಏಕೆಂದರೆ ಆರು ವರ್ಷದಿಂದ ಕಾಫಿ ಅಂಗಡಿಯ ಬೆಂಚಿನ ಮೇಲೆ ಕೂತು ಅವನು ಹೇಳಿಕೊಂಡು ಬಂದದ್ದು ಒಂದೇ ಮಾತು: “ನಾನು ಮಕಾಸ್ಸರಿನ ರಫ್ತು ಕಂಪನೀಲಿ, ಹವಳದ ವಿಭಾಗದಲ್ಲಿದ್ದೋನು.” ಅದು ಸುಳ್ಳೂ ಅಲ್ಲ. ಹವಳದ ವಿಭಾಗದಲ್ಲಿ ಅವನು ಹನ್ನೊಂದು ದಿನ ಇದ್ದ. ಪೊರಕೆಯ ಜೊತೆಗೆ ಇದ್ದ. ಹನ್ನೆರಡನೆಯ ದಿನ ಹೆಂಡತಿ ಮಾಡುವ ಹುಣಸೆಹುಳಿಯ ಮೀನುಸಾರು ನೆನಪಾಗಿ ಕಣ್ಣೀರು ಬಂದು ದೋಣಿ ಹತ್ತಿದ. ಬಲೆಯಿಂದ ಜಾರಿದ ಮೀನು ತಿರುಗಿ ಬರುವುದಿಲ್ಲ; ಬಾಯಿಂದ ಜಾರಿದ ಮಾತು ತಿರುಗಿ ಬರುತ್ತದೆ, ಬಂದು ಕಚ್ಚುತ್ತದೆ.

“ಆಗುತ್ತೇನಯ್ಯಾ ಲುರಾಂಗ್?”

“ಅದೇನ್ ಮಹಾ,” ಎಂದ ಲುರಾಂಗ್. ಅವನ ನಾಲಿಗೆ ಯಾವಾಗಲೂ ಅವನಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು.

ಪಕ್ಕದಲ್ಲಿದ್ದ ಹೆಂಡತಿ ಡೇಂಗ್ ತೆನೆ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. “ಅಕ್ಕಿ ತೊಳೆಯೋ ನೀರು ಎಷ್ಟು ಅಂತ ಗೊತ್ತಿಲ್ಲ ನಿಂಗೆ. ಏನಕ್ಕೆ ಹೂಂ ಅಂದೆ?”

“ಜನ ನೋಡ್ತಿದ್ರು ಕಣೇ.”

ತೊಟ್ಟಿ ಶುಕ್ರವಾರ ಪಟ್ಟಣದಿಂದ ಬಂತು. ದೋಣಿಯಲ್ಲಿ ಜಾಗ ಸಾಲದೆ ಯಾರೋ ಅದರೊಳಗೆ ಕೋಳಿಗಳನ್ನು ಕೂರಿಸಿದ್ದರು. ತೊಳೆದು ಕಚೇರಿಯ ಮೇಜಿನ ಮೇಲಿಟ್ಟು ನೀರು ತುಂಬಿದರು. ಜೊತೆಗೆ ನೀರು ಓಡಾಡಿಸುವ ಪುಟ್ಟ ಪಂಪೂ ಬಂದಿತ್ತು. ಆದರೆ ದ್ವೀಪದ ಜನರೇಟರು ಹೊಡೆದುಕೊಳ್ಳುವುದು ಸಂಜೆ ಆರರಿಂದ ಹತ್ತರವರೆಗೆ ಮಾತ್ರ. ಉಳಿದ ಇಪ್ಪತ್ತು ಗಂಟೆ ಪಂಪು ಊರ ಮುಖ್ಯಸ್ಥನಷ್ಟೇ ಕೆಲಸ ಮಾಡುತ್ತಿತ್ತು.

ಹವಳವನ್ನು ಆರಿಸಿದ್ದು ತೆನೆ. ಹೆಬ್ಬೆರಳಿನಷ್ಟು ಚೂರಿನಿಂದ ಅವಳೇ ಸಾಕಿದ ಗುಳ್ಳೆಹವಳ, ಈಗ ಮುಷ್ಟಿಗಿಂತ ದೊಡ್ಡದು. ಹಗಲಿನಲ್ಲಿ ಮೈತುಂಬ ನೀರಿನ ಗುಳ್ಳೆಗಳನ್ನು ಊದಿಸಿಕೊಂಡು ಮುತ್ತಿನ ಬಣ್ಣದ ದ್ರಾಕ್ಷಿಗೊಂಚಲಿನಂತೆ ಕೂತಿರುತ್ತದೆ. ಕೈ ತಗುಲಿದರೆ, ನೀರು ಕೆಟ್ಟರೆ, ಸುತ್ತ ಸದ್ದು ಹೆಚ್ಚಾದರೆ, ಗುಳ್ಳೆಗಳನ್ನೆಲ್ಲ ಒಳಗೆಳೆದುಕೊಂಡು ಕೆಳಗಿನ ಕಲ್ಲಿನ ಅಲಗುಗಳನ್ನು ತೋರಿಸುತ್ತದೆ. ಲುರಾಂಗ್ ಅದನ್ನು ಬಕೆಟ್ಟಿನಿಂದ ಎತ್ತಿ, ಕಂಪನಿಯವನ ಗತ್ತಿನಲ್ಲಿ, ತೊಟ್ಟಿಗೆ ಧುಪ್ಪನೆ ಬಿಟ್ಟ. ದ್ರಾಕ್ಷಿಗೊಂಚಲು ಹೋಗಿ ಮೇಕೆಯ ತಲೆಬುರುಡೆ ಬಂತು.

“ಸತ್ತೋಯ್ತು!” ಎಂದ ಹಾಜಿ ತಾಲ್ಲಿ.

“ಸತ್ತಿಲ್ಲ, ಮಲಗಿದೆ. ಕಂಪನೀಲೂ ಹೀಗೇ ಮಲಗ್ತಿದ್ವು,” ಎಂದ ಲುರಾಂಗ್ ಗಂಭೀರವಾಗಿ. ಗಂಭೀರವಾಗಿಯೇ ಮನೆಯ ಏಣಿಯವರೆಗೆ ನಡೆದ. ಏಣಿಯ ಮೂರನೆಯ ಮೆಟ್ಟಿಲಲ್ಲಿ ಕೂತೇಬಿಟ್ಟ. ರಾತ್ರಿಗೆ ಜ್ವರ. ಶನಿವಾರವಿಡೀ ಉಟ್ಟ ಲುಂಗಿ, ಅಂದರೆ ಸಾರಂಗಿನಲ್ಲಿ, ಮುಖ ಮುಚ್ಚಿಕೊಂಡು, ನಲವತ್ತೆರಡು ಮನೆಯ ಒಲೆಗಳು ತನ್ನ ಕೈಯಿಂದ ಆರಿಹೋಗುವುದನ್ನು ಒಂದೊಂದಾಗಿ ಕಂಡ.

ಭಾನುವಾರ ಬೆಳಗ್ಗೆ ತೆನೆ ಸಾರಂಗ್ ಎಳೆದಳು. “ಹೆದರಿ ಜ್ವರ ಬರಿಸ್ಕೊಂಡ ಗಂಡಸಿನ ಕತೆ ನಮ್ಮವ್ವ ಬರೀ ಬಾಯಲ್ಲಿ ಹೇಳ್ತಿದ್ಲು, ನಾನು ಅಂಥೋನನ್ನೇ ಕಟ್ಕೊಂಡೆ. ಎದ್ದು ಹೋಗಿ ನೋಡು!”

ಅವನು ಕಾಲೆಳೆದುಕೊಂಡು ಕಚೇರಿಗೆ ಹೋದ. ಇಡೀ ಶನಿವಾರ ಯಾರೂ ಮುಟ್ಟದೆ ಬಿಟ್ಟದ್ದರಿಂದ ಹವಳ ಚೇತರಿಸಿಕೊಂಡು ಗುಳ್ಳೆ ಗುಳ್ಳೆಯಾಗಿ ಅರಳಿ ನಿಂತಿತ್ತು. ಲುರಾಂಗನ ಮುಖವೂ ಅರಳಿತು.

ಈ ಎರಡು ಮುಖಗಳನ್ನೂ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದವಳು ಅಜ್ಜಿ ಡೇಂಗ್ ಕೆಬೋ. ಊರಿಗೆಲ್ಲ ಸೂಲಗಿತ್ತಿ, ಊರಿಗೆಲ್ಲ ವೈದ್ಯೆ, ದೋಣಿಗೆ ದೃಷ್ಟಿ ತೆಗೆಯುವವಳೂ ಅವಳೇ. ಎಲೆಯಡಿಕೆ ಉಗಿದು ಹೇಳಿದಳು: “ಶುಕ್ರವಾರ ಅದು ಬಿತ್ತು, ಇವನೂ ಬಿದ್ದ. ಇವತ್ತು ಅದು ಎದ್ದಿದೆ, ಇವನೂ ಎದ್ದ. ತಾಲ್ಲಿ, ಕಣ್ಣಿದ್ರೆ ನೋಡು. ಇದು ಹವಳ ಅಲ್ಲ. ಇವನ ಜೊತೆ ಹುಟ್ಟಿದ್ದು.”

ಆ ಸೀಮೆಯಲ್ಲಿ ಇದು ನಗುವ ಮಾತಲ್ಲ. ಕೆಲವು ಮಕ್ಕಳ ಜೊತೆಗೆ ಒಂದು ಅವಳಿ ಹುಟ್ಟಿ ನೀರಿಗೆ ಹೋಗುತ್ತದೆ. ದೊಡ್ಡ ಮನೆತನಗಳಲ್ಲಾದರೆ ಮೊಸಳೆ. ಬಡವರಿಗೆ ಉಡವೋ ಹಾವುಮೀನೋ, ಮೇಲಿನವನು ಕೊಟ್ಟದ್ದು. ನೀರಿನದಕ್ಕೆ ನೋವಾದರೆ ನೆಲದವನಿಗೂ ನೋವು. ವರ್ಷಕ್ಕೊಮ್ಮೆ ಅಂಟಕ್ಕಿಯ ಅನ್ನ, ಮೊಟ್ಟೆ, ಬಾಳೆಹಣ್ಣು ನೀರಿಗೆ ಬಿಡಬೇಕು. ಇದನ್ನೆಲ್ಲ ನಂಬುವುದಿಲ್ಲ ಎನ್ನುವವರು ಬೇಕಾದಷ್ಟಿದ್ದಾರೆ. ಬಿಡುವ ದಿನವನ್ನು ಮಾತ್ರ ಅವರೂ ತಪ್ಪಿಸುವುದಿಲ್ಲ.

“ನೀನೇ ಅಲ್ವೇನಜ್ಜಿ ಇವನ ಹೆರಿಗೆ ಮಾಡಿಸಿದ್ದು?” ಎಂದ ಹಾಜಿ ತಾಲ್ಲಿ.

“ನಾನೇ. ಅವತ್ತು ದೊಡ್ಡ ಉಬ್ಬರ, ಮನೆ ಕೆಳಗೆಲ್ಲ ನೀರು. ಇವನು ಬಂದ ಹಿಂದೇನೇ ನೆಲದ ಹಲಗೆ ಸಂದೀಲಿ ಏನೋ ಒಂದು ‘ಪ್ಳುಕ್’ ಅಂತ ಬಿತ್ತು. ಚಮಚೆ ಇರಬೇಕು ಅಂತ ನಾನು ಸುಮ್ನಾದೆ.” ಅಜ್ಜಿ ತೊಟ್ಟಿಯ ಕಡೆ ಗಲ್ಲ ತೋರಿಸಿದಳು. “ಚಮಚೆ ಇವತ್ತಿನವರೆಗೂ ಸಿಕ್ಕಿಲ್ಲ.”

ಹಾಜಿ ತಾಲ್ಲಿ ವಿದ್ಯಾವಂತ, ಸಾಕ್ಷ್ಯ ಬೇಕೆನ್ನುವವನು. ಲುರಾಂಗನ ಹಿಂದೆ ಹೋಗಿ ಅವನ ತೊಡೆಯನ್ನು ಏಡಿಯ ಹಾಗೆ ಚಿವುಟಿದ. ಲುರಾಂಗ್ “ಅಯ್ಯಯ್ಯೋ!” ಎಂದು ಹಾರಿದ, ಹಾರಿದವನ ಮೊಣಕೈ ಗಾಜಿಗೆ ಢಣ್ಣೆಂದು ಬಡಿಯಿತು, ಹವಳ ಸರಕ್ಕನೆ ಮುದುಡಿತು. ಮೊಣಕೈಯನ್ನು ಯಾರೂ ನೋಡಲಿಲ್ಲ. ಹವಳವನ್ನು ಎಲ್ಲರೂ ನೋಡಿದರು.

“ಅಬ್ಬಾ!” ಎಂದಿತು ಊರು.

ವಿಷಯ ಒಂದು ಸಿಗರೇಟಿನ ಹೊತ್ತಿನಲ್ಲಿ ದ್ವೀಪವನ್ನು ಸುತ್ತಿ ಬಂತು. ಮಸೀದಿಯ ಇಮಾಮರು “ನಾನು ಇದನ್ನ ಕೇಳಿಸ್ಕೊಂಡಿಲ್ಲ” ಎಂದು ಹೇಳಿ, ಕೇಳಿಸಿಕೊಳ್ಳದಿದ್ದಕ್ಕೆ ಒಂದು ಚಿಪ್ಪು ಬಾಳೆಹಣ್ಣನ್ನೂ ಕಳಿಸಿಕೊಟ್ಟರು. ಹಾಜಿ ತಾಲ್ಲಿ ಅಪ್ಪಣೆ ಹೊರಡಿಸಿದ: ಗುರುವಾರದವರೆಗೆ ಡೇಂಗ್ ಲುರಾಂಗನ ಮನಸ್ಸನ್ನು ಯಾರೂ ನೋಯಿಸಕೂಡದು. ಅವನಿಗೆ ಕೋಪ ಬರಿಸಕೂಡದು. ಹಸಿವಾಗಲು ಬಿಡಕೂಡದು. ಬಿಸಿಲು ತಗುಲಕೂಡದು. ಕೊನೆಗೆ ತೆನೆಯ ಕಡೆ ತಿರುಗಿ ಕೈಮುಗಿದ. “ಮುಖ್ಯವಾಗಿ ನೀನು, ತಾಯಿ.”

“ನಾನೇನ್ ಮಾಡಿದೆ?”

“ಏನೂ ಮಾಡ್ಬೇಡ. ಬಾಯಿ ಮುಚ್ಕೊಂಡಿರು. ನಲವತ್ತೆರಡು ಮನೆ ಪ್ರಶ್ನೆ.”

ಹದಿನೆಂಟು ವರ್ಷದ ದಾಂಪತ್ಯದಲ್ಲಿ ಆ ಬಾಯಿ ಮುಚ್ಚಿದ್ದು ಅದೇ ಮೊದಲು. ಸೋಮವಾರ ಸಂಜೆಗೆ ತೆನೆಯ ದವಡೆ ನೋಯತೊಡಗಿತು.

ಇತ್ತ ಲುರಾಂಗ್. ಹುಟ್ಟಿದಾಗಿನಿಂದ ಮೀನಿನ ಬಾಲವನ್ನೇ ತಿಂದವನ ಮುಂದೆ ಈಗ ದೊಡ್ಡವರಿಗಷ್ಟೇ ಮೀಸಲಾದ ಮೀನಿನ ತಲೆಗಳು ಸಾಲುಗಟ್ಟಿ ನಿಂತವು. ಬಾದಾಮಿ ಮರದ ನೆರಳಿಗೆ ಹಾಜಿಯ ಮನೆಯ ಒರಗುಕುರ್ಚಿ ಬಂತು. ಗಾಳಿ ಬೀಸಲು ಇಬ್ಬರು, ಕಾಲು ಒತ್ತಲು ಒಬ್ಬ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಸಿಕೊಂಡನಂತೆ. ಲುರಾಂಗ್ ಹಗಲಲ್ಲೇ ಎರಡು ಹಿಡಿಸಿಕೊಂಡ. ಮೊದಲ ದಿನ “ಬೇಡ ಬೇಡ” ಎಂದ. ಎರಡನೆಯ ದಿನ “ಸಾಕು ಸಾಕು” ಎಂದ. ಮೂರನೆಯ ದಿನ ಕಣ್ಣು ಮುಚ್ಚಿ, ಅಲೆಯ ಸದ್ದು ಆಲಿಸುವವನಂತೆ ತಲೆ ಓರೆ ಮಾಡಿ, “ತಮ್ಮಂಗೆ ಸುಟ್ಟ ಮೀನು ಬೇಕಂತೆ. ಮಾವಿನಕಾಯಿ ಗೊಜ್ಜು ಜಾಸ್ತಿ,” ಎಂದ.

ತಮ್ಮನನ್ನೂ ಊರು ಮರೆಯಲಿಲ್ಲ. ಲುರಾಂಗನಿಗೆ ಬಡಿಸಿದ ಮನೆಯವರು ಅದೇ ತಟ್ಟೆಯಿಂದ ಒಂದು ಪಾಲನ್ನು ತೊಟ್ಟಿಗೆ ಬಿಟ್ಟು ಬರುವುದು ಮರ್ಯಾದೆ. ಒಂದು ಮನೆಯಿಂದ ಒಂದೇ ತುತ್ತು. ಆದರೆ ಮನೆಗಳು ನಲವತ್ತೆರಡು. ಅಂಟಕ್ಕಿಯ ಅನ್ನ, ಬೆಂದ ಮೊಟ್ಟೆ, ಬಾಳೆಹಣ್ಣು, ಅರಿಶಿನ ಹಚ್ಚಿದ ಕೋಳಿಯ ತುಂಡು. ಹವಳ ಸಮುದ್ರದಲ್ಲಿ ತಿನ್ನುವುದು ಉಗುರಿನಷ್ಟು ಸಿಗಡಿಯ ಚೂರು, ಅದೂ ಸಿಕ್ಕರೆ. ಇಲ್ಲಿ ಅದಕ್ಕೆ ಮದುವೆಯೂಟ ಬಡಿಸಿದರು. ಯಾರಾದರೂ ಹಾಗೆ ಮಾಡುತ್ತಾರೆಯೇ ಎಂದು ಕೇಳಬೇಡಿ. ಪ್ರೀತಿಯಿಂದ ಕೊಲ್ಲುವವರಿಗೆ ಲೆಕ್ಕ ಗೊತ್ತಿರುವುದಿಲ್ಲ.

ಬುಧವಾರ ಮಧ್ಯಾಹ್ನಕ್ಕೆ ತೊಟ್ಟಿಯ ನೀರು ಅಕ್ಕಿ ತೊಳೆದ ನೀರಾಗಿತ್ತು. ವಾಸನೆ ಜೆಟ್ಟಿಯವರೆಗೆ ಹೋಗಿ ಒಂದು ದೋಣಿಯನ್ನು ಹಿಂದಕ್ಕೆ ಕಳಿಸಿತು. ಹವಳ ಪೂರ್ತಿ ಮುದುಡಿ ಅಲಗುಗಳನ್ನು ಕಿರಿದು ಕೂತಿತ್ತು. ಅದೇ ಹೊತ್ತಿಗೆ ಲುರಾಂಗ್ ಒರಗುಕುರ್ಚಿಯಿಂದ ಎದ್ದು, ಹೊಟ್ಟೆ ಹಿಡಿದುಕೊಂಡು, ಸಮುದ್ರದ ದಂಡೆಗೆ ಏಳನೆಯ ಸಲ ಓಡಿದ. ಮೂರು ದಿನದ ಮೀನಿನ ತಲೆಗಳು ತಮ್ಮ ಕೆಲಸ ಮಾಡಿದ್ದವು.

“ನೋಡಿದ್ರಾ? ಅದಕ್ಕೂ ಹೊಟ್ಟೆ ಕೆಟ್ಟಿದೆ, ಇವನಿಗೂ ಹೊಟ್ಟೆ ಕೆಟ್ಟಿದೆ!” ಎಂದಳು ಅಜ್ಜಿ ಕೆಬೋ, ಸತ್ಯವನ್ನು ಮುಟ್ಟಿಯೂ ಹಿಡಿಯದೆ.

ಹಾಜಿ ತಾಲ್ಲಿ ಕಚೇರಿಯ ಮೆಟ್ಟಿಲ ಮೇಲೆ ಕುಸಿದ. “ನಾಳೆ ಬೆಳಗ್ಗೆ ಸಾಹೇಬ್ರು. ಮುಗೀತು. ಎಲ್ಲಾ ಮುಗೀತು. ಅಜ್ಜಿ, ಏನಾದ್ರೂ ಮಾಡು.”

ಅಜ್ಜಿ ಬೇರು, ತೊಗಟೆ, ಮೆಣಸು ಕುದಿಸಿ ಒಂದು ಪಾತ್ರೆ ಕಷಾಯ ತಂದಳು. ಅರ್ಧವನ್ನು ಲುರಾಂಗನ ಬಾಯಿಗೆ ಸುರಿದಳು. ಉಳಿದರ್ಧವನ್ನು ಹಿಡಿದು ತೊಟ್ಟಿಯ ಕಡೆ ನಡೆದಳು.

ಆಗ ತೆನೆ ಎದ್ದು ಬಂದು ಅಡ್ಡ ನಿಂತಳು.

“ಸರಿ ಮಗಳೇ, ಆ ಕಡೆ,” ಎಂದಳು ಅಜ್ಜಿ.

“ಸರಿಯಲ್ಲ,” ಎಂದಳು ತೆನೆ. ಮೂರೂವರೆ ದಿನದ ಮೇಲೆ ಹೊರಬಿದ್ದ ಮೊದಲ ಮಾತು. ಅಣೆಕಟ್ಟು ಬಿರುಕು ಬಿಟ್ಟ ಮೇಲೆ ಉಳಿದದ್ದು ತಡೆಯುವುದುಂಟೇ? “ಮೇಜಿನ ಹತ್ರ ಮೂರು ವರ್ಷದಿಂದ ನಿಂತಿರೋಳು ನಾನು! ಅಲ್ಲಿ ಯಾರ್ ಹಾಕ್ತಾರೆ ಇದಕ್ಕೆ ಮೊಟ್ಟೆ? ಯಾರ್ ಹಾಕ್ತಾರೆ ಕೋಳಿ? ಇದಕ್ಕೆ ಬೇಕಾಗಿರೋದು ಓಡಾಡೋ ನೀರು, ಸುಮ್ನೆ ಬಿಟ್ಟು ನೋಡೋ ಜನ! ನೀವೆಲ್ಲ ಸೇರಿ ಅದರ ಮೈಮೇಲೆ ಸಂತೆ ಮಾಡಿದ್ರಿ. ತಾಲ್ಲಿ, ನಿನ್ನ ಪಂಪು ದಿನಕ್ಕೆ ನಾಲ್ಕು ಗಂಟೆ ಓಡುತ್ತೆ. ನಾಲ್ಕು ಗಂಟೆ ಉಸಿರಾಡಿ ಇಪ್ಪತ್ತು ಗಂಟೆ ಮೂಗು ಮುಚ್ಕೊಂಡಿರು ನೋಡೋಣ! ಅಜ್ಜಿ, ನಿನ್ನ ಚಮಚೆ ನಮ್ಮತ್ತೆ ಕದ್ದಿದ್ಲು, ಈಗ್ಲೂ ನಮ್ಮನೇಲೇ ಇದೆ! ಮತ್ತೆ ನೀನು…”

ಲುರಾಂಗನಿಗೆ ಆ ‘ನೀನು’ ಕೇಳಿ, ಏಕೋ, ಹೊಟ್ಟೆಯ ನೋವು ಅರ್ಧ ಕಡಿಮೆಯಾದಂತಾಯಿತು. ಹೊಸ್ತಿಲಲ್ಲಿ ಕೂತು ತಲೆ ತಗ್ಗಿಸಿದ.

“ನಾನೇ ಹೇಳ್ತೀನಿ ಕಣೇ. ಹವಳದ ವಿಭಾಗದಲ್ಲಿ ನಾನಿದ್ದಿದ್ದು ಹನ್ನೊಂದು ದಿನ. ಕಸ ಗುಡಿಸ್ತಿದ್ದೆ. ನಂಗೇನೂ ಗೊತ್ತಿಲ್ಲ. ಅವಳಿ ಅಂದಾಗಲೂ ಅನುಮಾನ ಇತ್ತು. ಮೀನಿನ ತಲೆ ರುಚಿಯಾಗಿತ್ತು, ಸುಮ್ನಿದ್ದೆ. ನೀವೆಲ್ಲ ಮತ್ತೆ ಕೊಳವೆ ಕಚ್ಚೋ ಹಾಗೆ ಮಾಡ್ಬಿಟ್ಟೆ. ಹೊಡೀರಿ ನನ್ನ.”

ಹಾಜಿ ತಾಲ್ಲಿ ತೊಟ್ಟಿಯ ಮೇಲಿನ ನೊಣಗಳನ್ನು ಓಡಿಸತೊಡಗಿದ. ನೊಣಗಳು ಬೇಕಾದಷ್ಟಿದ್ದವು.

ಕಾಲೆಳೆದು ನಡೆಯುವ ಏಳರಲ್ಲಿ ಎಲ್ಲರಿಗಿಂತ ಹಿರಿಯ, ಮೂಲೆಯಲ್ಲಿ ಕೋಲೂರಿ ನಿಂತಿದ್ದವನು, ಕೆಮ್ಮಿದ. “ಹೊಡೆಯೋಕೆ ಹೊತ್ತು ಬೇಕು. ಈಗ ಹೊತ್ತಿಲ್ಲ. ಬಕೆಟ್ ಎಲ್ಲಿ?”

ಅಷ್ಟೇ. ಸಭೆಯಿಲ್ಲ, ಅಪ್ಪಣೆಯಿಲ್ಲ. ಪಟ್ಟಣದವರು ಇದನ್ನು ಮಾಡಿಸಬೇಕಾಗಿದ್ದರೆ ಮೊದಲು ಒಂದು ಸಮಿತಿ, ಅದಕ್ಕೊಂದು ಉಪಸಮಿತಿ ಮಾಡುತ್ತಿದ್ದರು. ಕಚೇರಿಯ ಬಾಗಿಲಿನಿಂದ ಜೆಟ್ಟಿಯ ತುದಿಯ ತಿಳಿನೀರಿನವರೆಗೆ ಊರು ಒಂದು ಸಾಲಾಗಿ ನಿಂತಿತು. ಬಕೆಟ್ಟು, ಕೊಡ, ಅಕ್ಕಿ ಬೇಯಿಸುವ ಪಾತ್ರೆ, ಮಗುವಿಗೆ ಸ್ನಾನ ಮಾಡಿಸುವ ಬೋಗುಣಿ, ಯಾರದೋ ಮದುವೆಯ ಹಿತ್ತಾಳೆ ಚೊಂಬು. ಕೊಳಕು ನೀರು ಕೈಯಿಂದ ಕೈಗೆ ಆಚೆ ಹೋಯಿತು. ತಿಳಿನೀರು ಕೈಯಿಂದ ಕೈಗೆ ಈಚೆ ಬಂತು. ಪ್ರತಿ ಬಕೆಟ್ಟಿನ ಜೊತೆಗೂ ಲುರಾಂಗನಿಗೆ ಒಂದು ಬೈಗುಳ ಬಂತು.

“ತಗೋ, ಹವಳದ ವಿಭಾಗ!”

“ಚೆಲ್ಬೇಡ್ರೋ, ಪೊರಕೆ ಸಾಹೇಬ್ರಿಗೆ ತಗುಲೀತು!”

“ನಾನು ಒತ್ತಿದ ಕಾಲು ವಾಪಸ್ ಕೊಡೋ, ಕಳ್ಳ!”

“ನಮ್ಮನೆ ಕೋಳಿ ಮೊಟ್ಟೆ ಇಡ್ತಿತ್ತಯ್ಯಾ! ನಿನ್ನ ತಮ್ಮನಿಗೋಸ್ಕರ ಅದನ್ನೇ ಕೊಯ್ದ್ವಿ!”

ಲುರಾಂಗ್ ಸಾಲಿನ ಕೊನೆಯಲ್ಲಿ, ತೊಟ್ಟಿಯ ಪಕ್ಕ ನಿಂತು, ತೆನೆ ಹೇಳಿದಂತೆ ನೀರನ್ನು ಗೋಡೆಗುಂಟ ನಿಧಾನವಾಗಿ ಇಳಿಸುತ್ತಿದ್ದ. ಪ್ರತಿ ಬೈಗುಳಕ್ಕೂ “ಹೌದು, ಹೌದು, ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ,” ಎನ್ನುತ್ತಿದ್ದ. ನಾಟಕಕ್ಕಲ್ಲ, ಮನಸಾರೆ. ಬೈಯುತ್ತಿದ್ದ ಯಾರ ಕೈಯೂ ಬಕೆಟ್ಟನ್ನು ಒಂದು ಕ್ಷಣವೂ ತಡೆದು ನಿಲ್ಲಿಸಲಿಲ್ಲ ಎನ್ನುವುದನ್ನು ಅವನು ನೋಡುತ್ತಿದ್ದ. ಇಮಾಮರೂ ಸಾಲಿನಲ್ಲಿದ್ದರು, ಅವರ ಬಾಯಲ್ಲಿ ಬೈಗುಳ ಬರುವುದಿಲ್ಲವಾದ್ದರಿಂದ ತಮ್ಮ ಸರದಿ ಬಂದಾಗ ಲುರಾಂಗನನ್ನು ಬರೀ ನೋಡುತ್ತಿದ್ದರು. ಅದೇ ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿತ್ತು.

ತೊಟ್ಟಿ ತುಂಬಿದ ಮೇಲೂ ನಿಲ್ಲಲಿಲ್ಲ. ಒಂದು ಕಡೆ ತೆಗೆಯುವುದು, ಇನ್ನೊಂದು ಕಡೆ ಸುರಿಯುವುದು. ಪಂಪು ಮಾಡದ ಕೆಲಸವನ್ನು ನಲವತ್ತೆರಡು ಮನೆ ಮಾಡಿತು. ಆರು ಗಂಟೆಗೆ ಜನರೇಟರು ಹೊಡೆದುಕೊಂಡಾಗ ಜನ ಕೈ ಬಿಟ್ಟು ಮರಳಿನ ಮೇಲೆ ಬಿದ್ದುಕೊಂಡರು. ಮರುದಿನ ಬೆಳಕು ಹರಿಯುವ ಮುಂಚೆಯೇ ಮತ್ತೆ ಬಕೆಟ್ಟು. ಸೂರ್ಯ ಕಿಟಕಿಗೆ ಬರುವ ಹೊತ್ತಿಗೆ ಹವಳದ ಒಂದು ಅಂಚಿನಲ್ಲಿ ಗುಳ್ಳೆಯೊಂದು ಊದಿತು. ಆಮೇಲೆ ಎರಡು. ಆಮೇಲೆ ಎಣಿಸುತ್ತಿದ್ದವರು ಅಳತೊಡಗಿದ್ದರಿಂದ ಲೆಕ್ಕ ತಪ್ಪಿತು.

“ನೋಡಿ,” ಎಂದಳು ಅಜ್ಜಿ ಕೆಬೋ, ಸೋಲೊಪ್ಪದೆ. “ಅಣ್ಣಂಗೆ ಬೈದ್ರೆ ತಮ್ಮಂಗೆ ಖುಷಿ. ಯಾವ ಮನೇಲಿಲ್ಲ ಇದು?”

ಹತ್ತು ಗಂಟೆಗೆ ಅಧಿಕಾರಿ ಬಂದರು. ಆಂಡಿ ಸುಲೋಲಿಪು ಸಾಹೇಬರು. ಹಳೆಯ ರಾಜಮನೆತನದವರು, ಹೊಸ ಬೂಟಿನವರು. ಜೆಟ್ಟಿಯ ಮೇಲೆ ಬೂಟು ನೆನೆಯದಂತೆ ನಡೆದು, ಕಚೇರಿಗೆ ಬಂದು, ತೊಟ್ಟಿಯ ಮುಂದೆ ನಿಂತರು. ಕನ್ನಡಕ ತೆಗೆದರು. ಹಾಕಿದರು. ಮುಕ್ಕಾಲು ಅರಳಿದ ಗೊಂಚಲು ಬಿಸಿಲಿನಲ್ಲಿ ಹೊಳೆಯುತ್ತಿತ್ತು.

“ಚೆನ್ನಾಗಿದೆ,” ಎಂದರು.

ಊರು ಉಸಿರು ಬಿಟ್ಟಿತು.

“ಬಹಳ ಚೆನ್ನಾಗಿದೆ. ನಮ್ಮನೇಲೂ ಒಂದು ತೊಟ್ಟಿ ಇದೆ. ಪ್ಲಾಸ್ಟಿಕ್ ಕೋಟೆ ಇಟ್ಟಿದೀನಿ, ಹಳದಿ ಮೀನಿದೆ. ಹವಳ ಮಾತ್ರ ತಂದಿದ್ದೆಲ್ಲ ಸಾಯುತ್ತೆ. ಇದು ಗಟ್ಟಿ ಇದ್ದ ಹಾಗಿದೆ.” ಜೇಬಿನಿಂದ ಮೊಹರು ತೆಗೆದು ಮೇಜಿನ ಮೇಲಿಟ್ಟರು. ಒತ್ತಲಿಲ್ಲ, ಬರೀ ಇಟ್ಟರು. “ಕಟ್ಟಿಕೊಡಿ. ದೋಣೀಲಿ ತಗೊಂಡ್ ಹೋಗ್ತೀನಿ. ಆಮೇಲೆ ಕಾಗದ ಎಲ್ಲಾ ಸರಿ ಹೋಗುತ್ತೆ.”

ಇಂಥ ಮಾತು ಹೇಳುವಾಗ ಅವರ ದನಿ ಎಷ್ಟು ಮೃದುವಾಗುತ್ತದೆಂದರೆ, ಕೇಳಿದವರಿಗೆ ಕಳ್ಳತನ ಮಾಡಿದವರು ತಾವೇ ಅನ್ನಿಸಬೇಕು. ಹಾಜಿ ತಾಲ್ಲಿ ತೆನೆಯನ್ನು ನೋಡಿದ. ತೆನೆ ನೆಲ ನೋಡಿದಳು. ಸಾಹೇಬರ ಮನೆಯ ತೊಟ್ಟಿಯಲ್ಲಿ ಅದು ನಾಲ್ಕು ದಿನ ಬದುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ನಲವತ್ತೆರಡು ಒಲೆಗಳೂ ಗೊತ್ತಿದ್ದವು.

ಮುಂದೆ ಬಂದವನು ಲುರಾಂಗ್. ಒಂದು ರಾತ್ರಿಯ ಬೇನೆಯಲ್ಲಿ ಅವನ ಮುಖ ಅರಿಶಿನವಾಗಿತ್ತು, ಕಣ್ಣು ಗುಳಿ ಬಿದ್ದಿದ್ದವು.

“ತಗೊಂಡ್ ಹೋಗಿ, ಸಾಹೇಬ್ರೇ,” ಎಂದ. ನಿನ್ನೆ ಎಲ್ಲರೆದುರು ನಿಜ ಒಪ್ಪಿಕೊಂಡವನೇ. ಆದರೂ ಐದು ದಿನ ‘ತಮ್ಮ’ ಎಂದು ಕರೆದ ಬಾಯಿ, ರೂಢಿ ತಪ್ಪಲಿಲ್ಲ. “ಊರಿಗೆ ಒಳ್ಳೇದಾಗೋದಾದ್ರೆ ಹೋಗ್ಲಿ. ಆದ್ರೆ… ಅವಾಗವಾಗ ಹೇಗಿದಾನೆ ಅಂತ ಒಂದ್ಮಾತು ಹೇಳಿಕಳ್ಸಿ. ನನ್ನ ತಮ್ಮ ಅವನು.”

“ತಮ್ಮ ಅಂದ್ರೆ?”

ಅಜ್ಜಿ ಕೆಬೋ ಇಂಥ ಪ್ರಶ್ನೆಗೇ ಎಪ್ಪತ್ತು ವರ್ಷ ಬದುಕಿದ್ದವಳು. “ಜೊತೆಗೆ ಹುಟ್ಟಿದ್ದು, ಸ್ವಾಮಿ. ನೀರಿನದು. ಹೆರಿಗೆ ಮಾಡಿಸಿದ್ದು ನಾನೇ.”

ಸುಲೋಲಿಪು ಸಾಹೇಬರ ಕೈ ಗಾಜಿನ ಮೇಲಿತ್ತು. ಅದು ಅಲ್ಲಿಂದ ಮೆಲ್ಲಗೆ ಇಳಿದು ಬೆನ್ನ ಹಿಂದೆ ಹೋಯಿತು. ಅವರು ಪಟ್ಟಣದಲ್ಲಿ ಓದಿದವರು, ಇಂಥದ್ದನ್ನೆಲ್ಲ ನಂಬುವವರಲ್ಲ. ಆದರೆ ಅವರ ಅಜ್ಜಿಯ ತಂಗಿಯೊಬ್ಬಳು ಊರ ಹೊಳೆಯಲ್ಲಿ ಮೊಸಳೆಯಾಗಿದ್ದಳು, ಮತ್ತು ಪ್ರತಿ ವರ್ಷ ಆಕೆಗೆ ಬುಟ್ಟಿ ಹೊತ್ತುಕೊಂಡು ಹೋಗುವ ಸರದಿ ಈ ಸಲ ಅವರದೇ ಆಗಿತ್ತು.

“ಒಂದಕ್ಕೆ ಏನಾದ್ರೂ ಆದ್ರೆ… ಇನ್ನೊಂದಕ್ಕೆ…?”

“ಮೊನ್ನೆ ಅದಕ್ಕೆ ಒಂದು ಮೊಟ್ಟೆ ಹೆಚ್ಚಾಯ್ತು ಅಷ್ಟೇ ಸ್ವಾಮಿ,” ಎಂದಳು ಅಜ್ಜಿ. “ಇವನ ಮುಖ ನೋಡಿ.”

ಸಾಹೇಬರು ನೋಡಿದರು. ಆ ಮುಖ ಯಾವ ಕಾಗದಕ್ಕಿಂತಲೂ ದೊಡ್ಡ ದಾಖಲೆಯಾಗಿತ್ತು. ಅದೇ ಹೊತ್ತಿಗೆ ಲುರಾಂಗ್ ಹೊಟ್ಟೆ ಹಿಡಿದುಕೊಂಡು, “ಕ್ಷಮಿಸ್ಬೇಕು,” ಎಂದು ದಂಡೆಗೆ ಓಡಿದ.

“ಇದು ಇಲ್ಲೇ ಇರ್ಲಿ!” ಎಂದರು ಸಾಹೇಬರು, ಹಣೆ ಒರೆಸಿಕೊಳ್ಳುತ್ತ. “ಅಲ್ಲ, ಇಲ್ಲೂ ಬೇಡ! ನೀರಿಗೆ ಬಿಡಿ, ಅದರ ಜಾಗಕ್ಕೆ. ಮೇಜುಗಳಿಗೆ ಕಾಯಂ ಅನುಮತಿ.” ಮೊಹರು ಮೂರು ಸಲ ಬಿತ್ತು, ಒಂದು ಸಲ ಮೇಜಿನ ಮೇಲೂ ಬಿತ್ತು. “ಈ ಸಂಬಂಧ ಇದೆಯಲ್ಲ, ಇದನ್ನ ಲಿಖಿತದಲ್ಲಿ ತರಬೇಕು. ನಾಳೆ ನನ್ನ ಜಾಗಕ್ಕೆ ಇನ್ನೊಬ್ಬ ಬಂದು ತಗೊಂಡ್ ಹೋದ್ರೆ ಹೊಣೆ ನನ್ನ ಮೇಲೆ ಬರ್ಬಾರ್ದು. ಇವನ ಮನೆಯೋರ ಹೆಸರೆಲ್ಲ ಇರೋ ಸರ್ಕಾರಿ ಕುಟುಂಬದ ಚೀಟೀಲಿ ಸೇರಿಸೋಕೆ ಹೇಳ್ತೀನಿ.”

ದೋಣಿ ಹೊರಡುವ ಆತುರದಲ್ಲಿ ಅವರ ಒಂದು ಬೂಟು ನೆನೆಯಿತು. ಅದನ್ನವರು ಗಮನಿಸಲಿಲ್ಲ.

ಆ ಸಂಜೆಯೇ ತೆನೆ ಹವಳವನ್ನು ಮೇಜಿಗೆ ಮರಳಿಸಿದಳು. ಲುರಾಂಗ್ ನಲವತ್ತೆರಡು ಏಣಿಗಳನ್ನು ಒಂದೊಂದಾಗಿ ಹತ್ತಿ ಇಳಿದ. ಪ್ರತಿ ಬಾಗಿಲಲ್ಲೂ “ದೊಡ್ಡ ಉಪಕಾರ ಆಯ್ತು” ಎಂದ. ಪ್ರತಿ ಬಾಗಿಲಲ್ಲೂ ಒಂದೊಂದು ಬೈಗುಳ ತಿಂದ. ಮೂವತ್ತನೆಯ ಮನೆಯ ನಂತರ ಜನ ಬೈಯುವ ಮೊದಲೇ ನಗುತ್ತಿದ್ದರು.

ಒಂದು ತಿಂಗಳ ಮೇಲೆ ಪಟ್ಟಣದಿಂದ ಕುಟುಂಬದ ಹೊಸ ಚೀಟಿ ಬಂತು. ಸಾಹೇಬರ ಅಪ್ಪಣೆಗೆ ಹೆದರಿದ ಯಾವನೋ ಗುಮಾಸ್ತ, ತನಗೆ ತೋಚಿದಂತೆ, ಒಂದು ಕಾಲಮನ್ನೂ ಖಾಲಿ ಬಿಡದೆ ತುಂಬಿದ್ದ. ತೆನೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಚೀಟಿಯನ್ನು ನೀರು ತಾಗದಂತೆ ಮೇಲಕ್ಕೆತ್ತಿ ಓದಿದಳು. ಲುರಾಂಗ್ ಮೇಜಿನ ಕಾಲು ಹಿಡಿದು ಕೇಳುತ್ತಿದ್ದ.

“ಗುಳ್ಳೆಹವಳ. ಸಂಬಂಧ: ತಮ್ಮ. ವಿದ್ಯಾಭ್ಯಾಸ: ಅರ್ಧಕ್ಕೇ ಬಿಟ್ಟದ್ದು.” ಅವಳು ಕಣ್ಣೆತ್ತಿದಳು. “ನಿಂದೇ ನಕಲು ಹೊಡೆದಿದಾನೆ. ಉದ್ಯೋಗ: ಸರ್ಕಾರಿ ಅನುಮತಿ ಪಡೆದವನು. ಮನೆ ನಡೆಸುವವನು.” ಅವಳ ತುಟಿ ಅದುರತೊಡಗಿತು. “ಡೇಂಗ್ ಲುರಾಂಗ್. ಉದ್ಯೋಗ: ಇಲ್ಲ. ತಮ್ಮನ ಆಶ್ರಯದಲ್ಲಿ ಬದುಕುವವನು… ಅಯ್ಯೋ ನಿನ್ನ! ಮುಂದಿನ ದೋಣೀಲೇ ಹೋಗಿ ತಿದ್ದಿಸ್ಕೊಂಡ್ ಬಾ!”

ಲುರಾಂಗ್ ನೀರಿನೊಳಗೆ ನೋಡಿದ. ಸಾಲು ಸಾಲು ಬಿಲ್ಲೆಗಳ ಮೇಲೆ, ಬಿಸಿಲಿನಲ್ಲಿ, ಗೊಂಚಲು ಗೊಂಚಲಾಗಿ ಅರಳಿ ಕೂತಿದ್ದವು. ದಂಡೆಯ ಕಡೆ ನೋಡಿದ. ಮಧ್ಯಾಹ್ನದ ಅಡಿಗೆಯ ಹೊಗೆ ನಲವತ್ತೆರಡು ಮನೆಗಳಿಂದ ಏಳುತ್ತಿತ್ತು.

“ತಿದ್ದಿಸೋದೇನಿದೆ ಕಣೇ,” ಎಂದ. “ಸರಿಯಾಗೇ ಬರೆದಿದಾನೆ.”